ಚಿಕ್ಕಮಗಳೂರಲ್ಲೇ ಇದ್ದು ಫ್ರೀಲಾನ್ಸ್ ಡಿಸೈನಿಂಗ್ ಶುರು ಮಾಡಬೇಕು, ಮೊದಲ ಕೆಲಸ ಯಾರು ಕೊಡ್ತಾರೆ?

ನಿಮ್ಮ ಸುತ್ತಮುತ್ತಲಿನವರೇ ಕೊಡುತ್ತಾರೆ, ಆನ್‌ಲೈನ್ ಸೈಟ್‌ಗಳಲ್ಲ. ಅಲ್ಲಿ ಗಿರಾಕಿಗೆ ನಿಮ್ಮ ಪರಿಚಯ ಇರುವುದಿಲ್ಲ, ಹಳೆ ಕೆಲಸ, ರಿವ್ಯೂ ನೋಡಿಯೇ ಆರಿಸುತ್ತಾರೆ, ಎರಡೂ ಇಲ್ಲದ ಹೊಸಬರಿಗೆ ರೇಟು ಇಳಿಸುವುದೊಂದೇ ದಾರಿ. ಊರಲ್ಲಿ ಪರಿಚಯದವರ ಒಂದು ಮಾತು ಸಾಕು. ಮೂಡಿಗೆರೆ, ಕಳಸ ಕಡೆ ಎಷ್ಟೊಂದು ಹೋಂಸ್ಟೇಗಳಿವೆ, ಕಾಫಿಪುಡಿ ಮಾರುವವರಿದ್ದಾರೆ, ಇವರಿಗೆಲ್ಲ ಲೋಗೊ, ಪ್ಯಾಕೆಟ್ ಡಿಸೈನ್, ಇನ್‌ಸ್ಟಾಗ್ರಾಂ ಪೋಸ್ಟ್ ಬೇಕಲ್ವಾ? ಶನಿವಾರ, ಭಾನುವಾರ ಮಾತ್ರ ಹೋಗಬೇಡಿ, ಹೋಂಸ್ಟೇಯವರಿಗೆ ಪುರುಸೊತ್ತೇ ಇರುವುದಿಲ್ಲ.

ಸುಮ್ನೆ ಬಿಟ್ಟಿ ಮಾಡಿಕೊಡಬೇಡಿ. ಅರ್ಧ ಅಡ್ವಾನ್ಸ್ ತೆಗೆದುಕೊಳ್ಳಿ, ಎಷ್ಟು ಸಲ ತಿದ್ದಿಕೊಡುತ್ತೀರಿ ಅಂತ ವಾಟ್ಸಾಪ್‌ನಲ್ಲೇ ಬರೆದು ಒಪ್ಪಿಸಿ, ಇಲ್ಲದಿದ್ದರೆ ‘ಬಣ್ಣ ಸ್ವಲ್ಪ ಜಾಸ್ತಿ ಮಾಡಿ’ ಮುಗಿಯುವುದೇ ಇಲ್ಲ. ಜಿಎಸ್‌ಟಿ ತಲೆಬಿಸಿ ಈಗಲೇ ಬೇಡ, ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಇಂಥ ಸೇವೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ.