ಕೊಲೋಸಿಯಂ ಪಕ್ಕದ ಮನೆ: ಕಿಟಕಿ ಆಮೇಲೆ, ಮೊದಲು ಮೆಟ್ಟಿಲು ಎಣಿಸಿ

ಪ್ರಶ್ನೆ: ಮೇ ತಿಂಗಳಲ್ಲಿ ರೋಮ್‌ಗೆ ಹೊರಟಿದ್ದೇವೆ, 6 ರಾತ್ರಿ ಇರುತ್ತೇವೆ. ನಾವಿಬ್ಬರು, 8 ವರ್ಷದ ಮಗ, ಅತ್ತೆ, ಮಾವ. ಅತ್ತೆಗೆ ಮಂಡಿನೋವು. ಎಲ್ಲರೂ ಸಸ್ಯಾಹಾರಿಗಳು, ಹಾಗಾಗಿ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹುಡುಕಿದೆವು. 3ನೇ ಮಹಡಿಯಲ್ಲಿ ಒಂದು ಸಿಕ್ಕಿದೆ. ಕಿಟಕಿಯಿಂದಲೇ ಕೊಲೋಸಿಯಂ ಕಾಣುತ್ತದಂತೆ. ಬುಕಿಂಗ್ ಆ್ಯಪ್ ಬಿಟ್ಟು ನೇರವಾಗಿ ಬ್ಯಾಂಕಿಗೆ ಹಣ ಹಾಕಿದರೆ ಬಾಡಿಗೆ ಕಡಿಮೆ ಮಾಡುತ್ತೇನೆ ಎನ್ನುತ್ತಾನೆ ಮಾಲೀಕ. ಪಾಸ್‌ಪೋರ್ಟ್ ಕಾಪಿನೂ ಕೇಳಿದ್ದಾನೆ. ತಗೊಳ್ಳಬಹುದಾ?
– ಓದುಗರು, ಹುಬ್ಬಳ್ಳಿ

ಉತ್ತರ: ಹಣ ಹಾಕಬೇಡಿ. ಆ್ಯಪ್ ಹೊರಗೆ ಕೊಟ್ಟ ದುಡ್ಡು ಹೋದರೆ ಹೋಯಿತು, ಆಮೇಲೆ ಕೇಳೋಕೆ ಯಾರೂ ಇರುವುದಿಲ್ಲ. ಷೆಂಗೆನ್ ವೀಸಾ ಅರ್ಜಿಗೆ ವಸತಿಯ ದಾಖಲೆ ಬೇರೆ ಬೇಕು, ಅದೂ ನಕಲಿ ಅಂತಾದರೆ ತಲೆನೋವು ಎರಡು ಪಟ್ಟು. ಇಟಲಿಯಲ್ಲಿ 2025ರಿಂದ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಇಂಥ ಪ್ರತಿ ಮನೆಗೂ 'ಸಿಐಎನ್' ಅಂತ ಒಂದು ರಾಷ್ಟ್ರೀಯ ಸಂಖ್ಯೆ ಕಡ್ಡಾಯ. 'ಐಟಿ' ಅಕ್ಷರಗಳಿಂದ ಶುರುವಾಗುತ್ತದೆ, ಜಾಹೀರಾತಿನಲ್ಲೂ ಕಟ್ಟಡದ ಬಾಗಿಲಲ್ಲೂ ಹಾಕಿರಬೇಕು. ಅದನ್ನು ಕೇಳಿ ನೋಡಿ, ತಡವರಿಸಿದರೆ ಅಲ್ಲಿಗೆ ಮಾತು ಮುಗಿಸಿ. ಪಾಸ್‌ಪೋರ್ಟ್ ಕೇಳುವುದು ಮಾತ್ರ ತಪ್ಪಲ್ಲ. ಅತಿಥಿಗಳು ಬಂದ 24 ಗಂಟೆಯೊಳಗೆ ಅವರ ವಿವರವನ್ನು ಪೊಲೀಸರಿಗೆ ಕಳಿಸಬೇಕು ಎನ್ನುವುದು ಅಲ್ಲಿಯ ಕಾನೂನು. ಆದರೆ ಬುಕಿಂಗೇ ಆಗದೆ ಕಾಪಿ ಯಾಕೆ ಕೊಡಬೇಕು, ಅಲ್ವಾ?

ಈಗ ಮೆಟ್ಟಿಲಿನ ವಿಷಯ. ನನ್ನ ಪ್ರಕಾರ ನಿಮ್ಮ ಇಡೀ ಪ್ರವಾಸ ನಿಂತಿರುವುದು ಇದರ ಮೇಲೆ. ಹಳೇ ರೋಮ್‌ನ ಕಟ್ಟಡಗಳಲ್ಲಿ ಮಹಡಿಯ ಎತ್ತರ ಜಾಸ್ತಿ, ನೆಲಮಹಡಿಗೂ ಒಂದನೇ ಮಹಡಿಗೂ ನಡುವೆ ಲೆಕ್ಕಕ್ಕೆ ಸೇರದ ಒಂದು ಅರ್ಧ ಮಹಡಿಯೂ ಕೆಲವು ಕಡೆ ಇರುತ್ತದೆ. ಅವರು ಮೂರು ಅಂದದ್ದು ನಿಮ್ಮ ಮಂಡಿಗೆ ನಾಲ್ಕು. ಲಿಫ್ಟ್ ಇದೆ ಅಂದರೂ ನಂಬಿ ಕೂರಬೇಡಿ. ನಾನು ಒಮ್ಮೆ ಇಳಿದುಕೊಂಡ ಮನೆಯಲ್ಲಿ ಲಿಫ್ಟ್ ಇತ್ತು, ಆದರೆ ಅದರ ಬಾಗಿಲು ತಲುಪೋಕೆ ಹನ್ನೊಂದು ಮೆಟ್ಟಿಲು ಹತ್ತಬೇಕಿತ್ತು, ಒಳಗೆ ಒಬ್ಬರು ಮತ್ತು ಒಂದು ಸೂಟ್‌ಕೇಸ್ ಹಿಡಿದರೆ ಮುಗಿಯಿತು. ಅದಕ್ಕೇ ರಸ್ತೆಯ ಬಾಗಿಲಿನಿಂದ ಮನೆ ಬಾಗಿಲವರೆಗೆ ಒಟ್ಟು ಎಷ್ಟು ಮೆಟ್ಟಿಲು ಅಂತ ಸಂಖ್ಯೆಯಲ್ಲೇ ಕೇಳಿ, ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಿ.

ಜಾಹೀರಾತುಗಳಲ್ಲಿ ಬರುವ 'ಕೊಲೋಸಿಯಂಗೆ ಐದು ನಿಮಿಷ ನಡಿಗೆ' ಅನ್ನುವ ಮಾತೂ ಹಾಗೆಯೇ. ಕೊಲೋಸಿಯಂನ ಉತ್ತರಕ್ಕೆ ಕೊಲ್ಲೆ ಓಪ್ಪಿಯೊ ಗುಡ್ಡ. ಮೋಂಟಿ ಬಡಾವಣೆ ಚೆಂದ, ಆದರೆ ಅಲ್ಲಿ ಏರು, ಇಳಿಜಾರು, ಸಣ್ಣ ಕಲ್ಲು ಹಾಸಿದ ಬೀದಿಗಳೇ ಜಾಸ್ತಿ, ಸೂಟ್‌ಕೇಸ್ ಚಕ್ರದ ಗತಿ ದೇವರಿಗೇ ಪ್ರೀತಿ. ನಿಮಗೆ ಪೂರ್ವಕ್ಕೆ ವಿಯಾ ಲಬಿಕಾನಾ, ವಿಯಾ ಕಾಪೊ ದಾಫ್ರಿಕಾ ಬೀದಿಗಳ ಕಡೆ ಹುಡುಕುವುದು ವಾಸಿ, ಅಲ್ಲಿ ನೆಲ ಹೆಚ್ಚುಕಡಿಮೆ ಸಮ. ಲಬಿಕಾನಾದಲ್ಲಿ ಟ್ರಾಮ್ ಓಡುತ್ತದೆ, ಹಾಗಾಗಿ ಒಳಗಿನ ಅಂಗಳದ ಕಡೆಯ ಕೋಣೆ ಕೇಳಿ.

ಅಡುಗೆ ಮಾಡುವ ನಿಮಗೆ ನಿಜವಾಗಿ ಅನುಕೂಲ ಇನ್ನೂ ಸ್ವಲ್ಪ ಆಚೆಗಿನ ಪಿಯಾತ್ಸಾ ವಿತ್ತೋರಿಯೊ ಚೌಕದ ಸುತ್ತಮುತ್ತ. ಬಾಡಿಗೆ ಸಾಮಾನ್ಯವಾಗಿ ಕಡಿಮೆ, ಎ ಲೈನ್ ಮೆಟ್ರೊ ಅಲ್ಲೇ ಇದೆ, ಎಸ್ಕ್ವಿಲಿನೊ ಮಾರುಕಟ್ಟೆಯಲ್ಲಿ ನಮ್ಮ ಕಡೆಯ ಬೇಳೆ, ಅಕ್ಕಿ, ಹಸಿಮೆಣಸಿನಕಾಯಿ ಸಿಗುತ್ತವೆ. ಒಂದು ಎಚ್ಚರಿಕೆ: ಇಟಲಿಯ ಬಹುಪಾಲು ಮನೆಗಳ ವಿದ್ಯುತ್ ಮಿತಿ 3 ಕಿಲೋವ್ಯಾಟ್. ಎಸಿ, ಗೀಸರ್, ಇಂಡಕ್ಷನ್ ಒಲೆ ಮೂರನ್ನೂ ಒಟ್ಟಿಗೆ ಹಾಕಿದರೆ ಕರೆಂಟ್ ಟ್ರಿಪ್ ಆಗುತ್ತದೆ. ಎಷ್ಟೋ ಕಟ್ಟಡಗಳಲ್ಲಿ ಮೀಟರ್ ಇರುವುದು ಕೆಳಗಿನ ಪಡಸಾಲೆಯಲ್ಲಿ. ಅನ್ನ ಅರ್ಧ ಬೆಂದಿರುವಾಗ ಮೊಬೈಲ್ ಟಾರ್ಚ್ ಹಿಡಿದು ಇಳಿಯಬೇಕು. ಮೀಟರ್ ಎಲ್ಲಿದೆ ಅಂತ ಮೊದಲ ದಿನವೇ ತೋರಿಸಿಕೊಳ್ಳಿ. ನಮ್ಮ ಮೂರು ಪಿನ್ ಪ್ಲಗ್ ಅಲ್ಲಿ ಕೂರುವುದಿಲ್ಲ, ಅಡಾಪ್ಟರ್ ಇಟ್ಟುಕೊಳ್ಳಿ.

ಬಾಡಿಗೆ ಲೆಕ್ಕಕ್ಕೆ ನಗರ ತೆರಿಗೆ ಸೇರಿಸಿ. ತಲೆಗೆ ರಾತ್ರಿಗೆ ಸುಮಾರು 6 ಯೂರೋ, 10 ವರ್ಷದೊಳಗಿನ ಮಕ್ಕಳಿಗಿಲ್ಲ. ನಿಮ್ಮ ನಾಲ್ವರಿಗೆ ಹತ್ತಿರ ಹತ್ತಿರ 144 ಯೂರೋ ಆಯಿತು.

ಕಿಟಕಿಯ ಆಸೆ ಇನ್ನೂ ಇದ್ದರೆ, ಕೊಲೋಸಿಯೊ ಮೆಟ್ರೊ ಸ್ಟೇಷನ್ನಿನ ಮೇಲ್ಭಾಗದಲ್ಲಿ ಲಾರ್ಗೊ ಗಾಯೆತಾನಾ ಅಗ್ನೇಸಿ ಅಂತ ಒಂದು ಕಟ್ಟೆ ಇದೆ. ಒಂದು ರಾತ್ರಿ ಊಟ ಮುಗಿಸಿ ಟ್ಯಾಕ್ಸಿಯಲ್ಲಿ ಅತ್ತೆಯವರನ್ನು ಕರೆದುಕೊಂಡು ಹೋಗಿ. ದೀಪ ಹಾಕಿದ ಕೊಲೋಸಿಯಂ ಪೂರ್ತಿ ಎದುರಿಗೇ ಇರುತ್ತದೆ, ಬಾಡಿಗೆ ಕೇಳುವವರಿಲ್ಲ.