ಎಣ್ಣೆ ತಿಕ್ಕುವುದರಿಂದ ನೋವೂ ಆತಂಕವೂ ನಿಜವಾಗಿ ತಗ್ಗುತ್ತವೆಯೇ?

ಪ್ರಶ್ನೆ: ನನ್ನ ಅಮ್ಮನಿಗೆ 58 ವರ್ಷ. ಮದುವೆಯಾಗಿ ಬಂದಂದಿನಿಂದ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದಾರೆ. ಎರಡು ವರ್ಷಗಳಿಂದ ಕುತ್ತಿಗೆಯ ಹಿಂಭಾಗ ಮತ್ತು ಬಲ ಭುಜ ಬಿಗಿದುಕೊಂಡು ನೋಯುತ್ತಿದೆ. ರಾತ್ರಿ ಸರಿಯಾಗಿ ನಿದ್ದೆ ಬರುವುದಿಲ್ಲ, ಸಣ್ಣ ವಿಷಯಕ್ಕೂ ಆತಂಕಪಡುತ್ತಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಎಕ್ಸ್‌ರೇ ನೋಡಿದ ವೈದ್ಯರು ವಯಸ್ಸಿಗೆ ತಕ್ಕ ಸವೆತ ಬಿಟ್ಟರೆ ಬೇರೇನೂ ಇಲ್ಲ ಎಂದಿದ್ದಾರೆ. ಭಾನುವಾರ ನಾನು ತೆಂಗಿನೆಣ್ಣೆ ಬಿಸಿ ಮಾಡಿ ತಿಕ್ಕಿದರೆ ಆ ರಾತ್ರಿ ಚೆನ್ನಾಗಿ ಮಲಗುತ್ತಾರೆ, ಆದರೆ ಒಂದೆರಡು ದಿನಗಳಲ್ಲಿ ನೋವು ಮತ್ತೆ ಬರುತ್ತದೆ. ಮಸಾಜ್‌ನಿಂದ ನಿಜವಾದ ಪ್ರಯೋಜನವಿದೆಯೇ? ಹಣ ಕೊಟ್ಟು ಹೊರಗೆ ಮಾಡಿಸಬೇಕೇ?
— ಓದುಗರು, ಕಾರ್ಕಳ ತಾಲೂಕು

ಉತ್ತರ (ಫಿಸಿಯೋಥೆರಪಿಸ್ಟ್, ಉಡುಪಿ): ಪ್ರಯೋಜನ ನಿಜ, ಆದರೆ ಅದು ಬಹುಕಾಲ ಉಳಿಯುವುದಿಲ್ಲ. ನೀವು ಮನೆಯಲ್ಲಿ ಕಂಡದ್ದನ್ನೇ ಸಂಶೋಧನೆಗಳೂ ಹೇಳುತ್ತವೆ. ಕುತ್ತಿಗೆ ಮತ್ತು ಸೊಂಟದ ಸಾಮಾನ್ಯ ನೋವಿಗೆ ಮಸಾಜ್ ಅಲ್ಪಾವಧಿಯ ಉಪಶಮನ ನೀಡುತ್ತದೆ, ಅದೊಂದನ್ನೇ ನಂಬಿದರೆ ನೋವು ಮರಳುತ್ತದೆ. ದೀರ್ಘಕಾಲದ ಕುತ್ತಿಗೆ ನೋವಿನ ಬಗ್ಗೆ 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ನಾಲ್ಕು ವಾರಗಳ ಕಾಲ ವಾರಕ್ಕೆ ಎರಡು ಮೂರು ಬಾರಿ ಒಂದು ಗಂಟೆಯ ಮಸಾಜ್ ಪಡೆದವರಲ್ಲಿ ಸ್ಪಷ್ಟ ಗುಣ ಕಂಡುಬಂದಿತು, ಅರ್ಧ ಗಂಟೆಯ ಮಸಾಜ್ ಪಡೆದವರಲ್ಲಿ ಅಷ್ಟು ಕಾಣಲಿಲ್ಲ. ಆದ್ದರಿಂದ ಭಾನುವಾರಕ್ಕೊಮ್ಮೆ ತಿಕ್ಕಿದ್ದು ಬುಧವಾರದವರೆಗೆ ಉಳಿಯದಿದ್ದರೆ ನಿಮ್ಮ ಕೈಯಲ್ಲಿ ದೋಷವಿಲ್ಲ, ಪ್ರಮಾಣ ಸಾಲದು ಅಷ್ಟೆ.

ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವಾಗ ಬೆರಳುಗಳು ಚುರುಕಾಗಿ ಆಡುತ್ತಿದ್ದರೂ, ತಲೆ ಮುಂದಕ್ಕೆ ಬಾಗಿರುವುದರಿಂದ ಕುತ್ತಿಗೆಯ ಬುಡದಿಂದ ಭುಜದವರೆಗೆ ಹಬ್ಬಿರುವ ಸ್ನಾಯುಗಳು ಅಲುಗಾಡದೆ ಗಂಟೆಗಟ್ಟಲೆ ಬಿಗಿಹಿಡಿದು ನಿಲ್ಲಬೇಕಾಗುತ್ತದೆ. ಹೀಗೆ ವಿರಾಮವಿಲ್ಲದೆ ದುಡಿಯುವ ಸ್ನಾಯು ದಣಿಯುತ್ತದೆ, ನೋಯುತ್ತದೆ, ಮುಟ್ಟಿದರೆ ಗಂಟಿನಂತೆ ಸಿಗುತ್ತದೆ. ಮಸಾಜ್ ಆ ಗಂಟನ್ನು ಒಡೆಯುತ್ತದೆ, ದೇಹದ ವಿಷವನ್ನು ಹೊರಹಾಕುತ್ತದೆ ಎಂಬ ಮಾತುಗಳಿಗೆ ಆಧಾರವಿಲ್ಲ. ಲ್ಯಾಕ್ಟಿಕ್ ಆಮ್ಲವನ್ನು ಹಿಂಡಿ ತೆಗೆಯುತ್ತದೆ ಎಂಬುದೂ ಸರಿಯಲ್ಲ, ಏಕೆಂದರೆ ಕಠಿಣ ವ್ಯಾಯಾಮದ ನಂತರವೂ ದೇಹ ಅದನ್ನು ಒಂದೆರಡು ಗಂಟೆಗಳೊಳಗೆ ತಾನಾಗಿಯೇ ಬಳಸಿ ಮುಗಿಸುತ್ತದೆ. ಮಸಾಜ್‌ನ ಮುಖ್ಯ ಕೆಲಸ ನರಮಂಡಲದಲ್ಲಿ ನಡೆಯುತ್ತದೆ. ಒತ್ತಡ ಮತ್ತು ಸ್ಪರ್ಶದ ಸಂದೇಶಗಳು ಬೆನ್ನುಹುರಿಯ ಮಟ್ಟದಲ್ಲಿಯೇ ನೋವಿನ ಸಂದೇಶಗಳಿಗೆ ಅಡ್ಡ ಬರುತ್ತವೆ ಎಂಬ ವಿವರಣೆಯನ್ನು ಮೆಲ್ಝಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಮುಂದಿಟ್ಟರು. ಅದರ ವಿವರಗಳು ಆಮೇಲೆ ಬಹಳ ತಿದ್ದುಪಡಿಯಾಗಿವೆ, ಮೂಲ ವಿಚಾರ ಮಾತ್ರ ಇಂದಿಗೂ ಉಪಯುಕ್ತವಾಗಿದೆ.

ನಿಮ್ಮ ತಾಯಿಯವರ ವಿಷಯದಲ್ಲಿ ನೋವಿಗಿಂತ ನಿದ್ದೆ ಮತ್ತು ಆತಂಕದ ಬಗ್ಗೆ ನನಗೆ ಹೆಚ್ಚು ಹೇಳಬೇಕೆನಿಸುತ್ತದೆ. ನಮ್ಮ ರೋಮವಿರುವ ಚರ್ಮದಲ್ಲಿ ನಿಧಾನವಾದ, ಮೃದುವಾದ ನೇವರಿಕೆಗೆಂದೇ ಸ್ಪಂದಿಸುವ ವಿಶೇಷ ನರತಂತುಗಳಿವೆ. ಕೈ ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸಾಗಿದಾಗ ಅವು ಅತಿ ಹೆಚ್ಚು ಸ್ಪಂದಿಸುತ್ತವೆ, ಮತ್ತು ಅವುಗಳ ಸಂದೇಶ ಮಿದುಳಿನಲ್ಲಿ ಭಾವನೆಗಳಿಗೆ ಸಂಬಂಧಿಸಿದ ಭಾಗಕ್ಕೆ ತಲುಪುತ್ತದೆ. ಆದ್ದರಿಂದಲೇ ಅವಸರದ, ಬಿರುಸಾದ ತಿಕ್ಕುವಿಕೆಗಿಂತ ನಿಧಾನವಾಗಿ ನೀವುವುದು ಮನಸ್ಸಿಗೆ ಹೆಚ್ಚು ನೆಮ್ಮದಿ ತರುತ್ತದೆ. 37 ಅಧ್ಯಯನಗಳನ್ನು ಒಟ್ಟುಗೂಡಿಸಿ 2004ರಲ್ಲಿ ನಡೆದ ವಿಶ್ಲೇಷಣೆಯ ಪ್ರಕಾರ, ಒಂದೇ ಸಲದ ಮಸಾಜ್‌ನಿಂದಲೂ ಆ ಹೊತ್ತಿನ ಆತಂಕ, ಹೃದಯ ಬಡಿತ ಮತ್ತು ರಕ್ತದೊತ್ತಡ ಸ್ವಲ್ಪ ಇಳಿಯುತ್ತವೆ, ಹಲವು ಸಲ ಮಾಡಿಸಿಕೊಂಡವರಲ್ಲಿ ಸ್ವಭಾವದಂತೆ ನೆಲೆಸಿದ ಆತಂಕ ಮತ್ತು ಖಿನ್ನತೆ ಗಣನೀಯವಾಗಿ ತಗ್ಗುತ್ತವೆ. ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಭಾರಿ ಪ್ರಮಾಣದಲ್ಲಿ ಕುಸಿಯುತ್ತದೆ ಎಂಬ ಪ್ರಚಾರವನ್ನು ಮಾತ್ರ ನಂಬಬೇಡಿ. ಅದರ ಮೇಲಿನ ಪರಿಣಾಮ ಬಹಳ ಚಿಕ್ಕದೆಂದು ನಂತರದ ವಿಶ್ಲೇಷಣೆಯಲ್ಲಿ ಕಂಡುಬಂದಿದೆ. ನಿದ್ದೆಗೆಟ್ಟ ದೇಹಕ್ಕೆ ಅದೇ ನೋವು ಹೆಚ್ಚು ತೀವ್ರವಾಗಿ ಕಾಣುತ್ತದೆ, ನೋವಿದ್ದರೆ ನಿದ್ದೆ ಕೆಡುತ್ತದೆ. ಈ ಸುತ್ತನ್ನು ವಾರದಲ್ಲಿ ಎರಡು ರಾತ್ರಿಯಾದರೂ ತುಂಡರಿಸಲು ಸಾಧ್ಯವಾದರೆ ಅದು ಚಿಕಿತ್ಸೆಯೇ ಹೌದು. ದಶಕಗಳಿಂದ ಮನೆಯವರೆಲ್ಲರ ಆರೈಕೆ ಮಾಡಿದ ತಾಯಿಯ ಬೆನ್ನ ಹಿಂದೆ ಮಗಳು ಅರ್ಧ ಗಂಟೆ ಕುಳಿತುಕೊಳ್ಳುವುದನ್ನು ಬರೀ ಹಿತದ ಉಪಚಾರವೆಂದು ನೀವು ಕೀಳಾಗಿ ಎಣಿಸಬಾರದು ಎಂಬುದು ನನ್ನ ಕಳಕಳಿಯ ಮಾತು.

ಮಸಾಜ್ ಕೊಡುವ ಆ ಹಗುರವಾದ ಒಂದೆರಡು ದಿನಗಳನ್ನು ವ್ಯರ್ಥವಾಗಲು ಬಿಡದೆ, ಆಗಲೇ ವ್ಯಾಯಾಮ ಆರಂಭಿಸಿ. ಭುಜದ ಹಿಂಬದಿಯ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತಂದು ಐದು ಸೆಕೆಂಡು ಹಿಡಿದು ಬಿಡುವುದು ಮತ್ತು ಗಲ್ಲವನ್ನು ಮೆಲ್ಲನೆ ಹಿಂದಕ್ಕೆ ಸರಿಸುವುದು, ಇವೆರಡನ್ನು ದಿನಕ್ಕೆ ಎರಡು ಹೊತ್ತು ಹತ್ತತ್ತು ಸಲ ಮಾಡಿದರೆ ಸಾಕು. ಬೀಡಿ ಕಟ್ಟುವಾಗ ಬೆನ್ನಿಗೆ ಗೋಡೆಯ ಆಸರೆ ಇರಲಿ, ತಡ್ಪೆಯನ್ನು ಮಡಿಲಿನಿಂದ ಸ್ವಲ್ಪ ಎತ್ತರದ ಮಣೆಯ ಮೇಲಕ್ಕೆ ತನ್ನಿ, ಅರ್ಧ ಗಂಟೆಗೊಮ್ಮೆ ಅವರು ಎದ್ದು ಅಂಗಳದವರೆಗೆ ನಡೆದು ಬರಲಿ. ದೀರ್ಘಕಾಲದ ಕುತ್ತಿಗೆ ನೋವಿನಲ್ಲಿ ಉಳಿಯುವ ಗುಣ ಸಿಗುವುದು ಹೆಚ್ಚಾಗಿ ಇವುಗಳಿಂದಲೇ.

ಎಣ್ಣೆ ಯಾವುದು ಎಂಬ ಚಿಂತೆ ಬೇಡ. ಮನೆಯ ತೆಂಗಿನೆಣ್ಣೆ ಸಾಕು. ಆಯುರ್ವೇದದ ಪ್ರಾಚೀನ ಗ್ರಂಥಕಾರ ವಾಗ್ಭಟನು ಪ್ರತಿದಿನ ಅಭ್ಯಂಗ, ಅಂದರೆ ಮೈಗೆ ಎಣ್ಣೆ ತಿಕ್ಕುವುದನ್ನು, ಮಾಡಬೇಕೆಂದೂ, ವಿಶೇಷವಾಗಿ ತಲೆ, ಕಿವಿ, ಪಾದಗಳಿಗೆ ಮಾಡಬೇಕೆಂದೂ ಹೇಳಿದ ಬೆನ್ನಿಗೇ, ಅಜೀರ್ಣವಿದ್ದವರು ಮೊದಲಾದವರಿಗೆ ಅದು ಸಲ್ಲದೆಂದೂ ಹೇಳಿದ್ದಾನೆ; ಎಲ್ಲರಿಗೂ ಎಲ್ಲ ಕಾಲಕ್ಕೂ ಹೊಂದುವ ಉಪಚಾರವೆಂದು ಪರಂಪರೆಯೂ ಒಪ್ಪಿಲ್ಲ. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಸ್ಪರ್ಶಜ್ಞಾನ ಕುಗ್ಗಿರಬಹುದು, ಸುಟ್ಟರೂ ತಿಳಿಯದಿರಬಹುದು, ಆದ್ದರಿಂದ ಎಣ್ಣೆಯ ಬಿಸಿಯನ್ನು ಮೊದಲು ನಿಮ್ಮ ಮಣಿಕಟ್ಟಿನ ಮೇಲೆ ನೋಡಿಕೊಳ್ಳಿ. ಕುತ್ತಿಗೆಯ ಮುಂಭಾಗ ಮತ್ತು ಪಕ್ಕಗಳನ್ನು ಒತ್ತಬೇಡಿ. ಕುತ್ತಿಗೆಯನ್ನು ತಿರುಚಿ ಲಟಕೆ ತೆಗೆಯಲು ಯಾರಿಗೂ ಬಿಡಬೇಡಿ, ಅದರಿಂದ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವರದಿಯಾಗಿವೆ. ಜ್ವರ, ಚರ್ಮದ ಸೋಂಕು ಅಥವಾ ಗಾಯ ಇದ್ದಾಗ ಮಸಾಜ್ ಬೇಡ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಹೊರಗೆ ಮಾಡಿಸಲೇಬೇಕೆಂದಿಲ್ಲ. ಆರು ವಾರ ಹೀಗೆ ಮಾಡಿಯೂ ಗುಣ ಕಾಣದಿದ್ದರೆ ಸರಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೋ, ಆಯುರ್ವೇದದಲ್ಲಿ ಒಲವಿದ್ದರೆ ಉಡುಪಿ ಸಮೀಪದ ಕುತ್ಪಾಡಿಯ ಆಯುರ್ವೇದ ಕಾಲೇಜಿನ ಆಸ್ಪತ್ರೆಗೋ ಹೋಗಿ. ಎಲ್ಲಿಗೆ ಹೋದರೂ, ಮೈ ಮುಟ್ಟುವ ಮೊದಲು ಕಾಯಿಲೆ ಮತ್ತು ಔಷಧಿಗಳ ವಿವರ ಕೇಳದವರ ಕೈಗೆ ತಾಯಿಯನ್ನು ಒಪ್ಪಿಸಬೇಡಿ. ಕೈಗೆ ಜೋಮು ಹಿಡಿಯುವುದು, ಹಿಡಿತ ಸಡಿಲವಾಗಿ ವಸ್ತುಗಳು ಜಾರುವುದು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಮಸಾಜ್ ನಿಲ್ಲಿಸಿ ಮೂಳೆ ಅಥವಾ ನರರೋಗ ತಜ್ಞರನ್ನು ಕಾಣಿ. ನಡೆಯುವಾಗ ಭುಜದ ನೋವು ಎದೆಗೋ ದವಡೆಗೋ ಹರಡಿ ಬೆವರು ಬಂದರೆ, ಸಕ್ಕರೆ ಕಾಯಿಲೆ ಇರುವ ಅವರನ್ನು ತಡಮಾಡದೆ ಇಸಿಜಿ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಬೇಕು.