ಅರ್ಥದ ಪಟ್ಟಿ ಪಕ್ಕಕ್ಕಿಡಿ, ಮೊದಲು ಆ ನಾಯಿಯನ್ನು ಮುಚ್ಚಿ ನೋಡಿ

ಮೇಡಂ, ನಿಮ್ಮ ಪೋಸ್ಟ್ ಓದಿದೆ. ಹದಿನೈದನೇ ಶತಮಾನದ ಚಿತ್ರಕಾರ ಯಾನ್ ವಾನ್ ಐಕ್‌ನ ಆರ್ನೊಲ್ಫಿನಿ ದಂಪತಿ ಚಿತ್ರಕ್ಕೆ (ಕೋಣೆಯಲ್ಲಿ ಕೈ ಹಿಡಿದು ನಿಂತ ಗಂಡಸು, ಹೆಂಗಸು) ನೀವು ಮಾಡಿರುವ ಪಟ್ಟಿಯನ್ನೂ ನೋಡಿದೆ. ನಾಯಿ ಅಂದರೆ ನಿಷ್ಠೆ, ಒಂದೇ ಮೇಣದಬತ್ತಿ ಅಂದರೆ ದೇವರು, ಕಳಚಿಟ್ಟ ಪಾದರಕ್ಷೆ ಅಂದರೆ ಪವಿತ್ರ ಜಾಗ, ಹಸಿರು ಅಂದರೆ ಭರವಸೆ, ಹೆಂಗಸು ಗರ್ಭಿಣಿ. ಇಷ್ಟೆಲ್ಲ ಬರೆದು ಕೊನೆಗೆ "ಎಲ್ಲಾ ಗೊತ್ತಾಯ್ತು, ಆದರೂ ನೋಡಿದರೆ ಏನೂ ಅನಿಸ್ತಿಲ್ಲ, ನನಗೆ ಕಲೆ ಅರ್ಥ ಆಗಲ್ವೇನೋ" ಅಂದಿದ್ದೀರಿ. ಶುರುವಿನಲ್ಲಿ ನಾನೂ ಇಂಥದ್ದೇ ಪಟ್ಟಿ ಹಿಡಿದು ಓಡಾಡಿದವನು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಕೆಳಗೆ ಕೆಲವರು ತಮ್ಮ ತಮ್ಮ ಸಂಕೇತ ಸೇರಿಸಿ ಪಟ್ಟಿಯನ್ನು ಇನ್ನೂ ಬೆಳೆಸಿದ್ದಾರೆ. ದಯವಿಟ್ಟು ಬೇಡ. ಕನಸಿನ ಫಲ ನೋಡುವ ಹಾಗೆ ಚಿತ್ರ ನೋಡೋಕಾಗಲ್ಲ.

ಆ ಪಟ್ಟಿಯ ಗತಿಯನ್ನೇ ನೋಡಿ. ಹೆಂಗಸು ಗರ್ಭಿಣಿ ಅಲ್ಲ ಅನ್ನುವುದು ಈಗ ಹೆಚ್ಚಿನವರು ಒಪ್ಪುವ ಮಾತು. ಆಗಿನ ಸಿರಿವಂತರ ಉಡುಪಿನಲ್ಲಿ ಬಟ್ಟೆ ಅಷ್ಟು ಜಾಸ್ತಿ, ಅದನ್ನು ಎತ್ತಿ ಹೊಟ್ಟೆಯ ಮುಂದೆ ಹಿಡಿದಿದ್ದಾಳೆ ಅಷ್ಟೇ. ಮೇಣದಬತ್ತಿ, ಪಾದರಕ್ಷೆಯ ಅರ್ಥಗಳು ಇಷ್ಟು ಹರಡಿದ್ದು ಕಲಾ ಇತಿಹಾಸಕಾರ ಎರ್ವಿನ್ ಪನೋಫ್ಸ್ಕಿ 1934ರಲ್ಲಿ ಬರೆದ ಲೇಖನದಿಂದ. ಇದು ಮದುವೆಯ ಸಾಕ್ಷಿಪತ್ರದ ಥರದ ಚಿತ್ರ ಅನ್ನುವುದು ಆತನ ವಾದ. ಆದರೆ ಚಿತ್ರದಲ್ಲಿರುವವನು ಅಂತ ಬಹಳ ಕಾಲ ನಂಬಿದ್ದ ಆ ಆರ್ನೊಲ್ಫಿನಿ ಮದುವೆಯಾದದ್ದು 1447ರಲ್ಲಿ ಅಂತ ಆಮೇಲೆ ದಾಖಲೆ ಸಿಕ್ಕಿತು. ಚಿತ್ರದ ಗೋಡೆಯ ಮೇಲೆ ಬರೆದಿರುವ ವರ್ಷ 1434. ವಾನ್ ಐಕ್ ತೀರಿಕೊಂಡದ್ದೇ 1441ರಲ್ಲಿ. ಇವನು ಅದೇ ಮನೆತನದ ಬೇರೊಬ್ಬ ಇರಬೇಕು ಅನ್ನುವುದು ಈಗಿನ ಅಂದಾಜು. ಪನೋಫ್ಸ್ಕಿಯನ್ನು ದಡ್ಡ ಅನ್ನುತ್ತಿಲ್ಲ. ಆತ ಚಿತ್ರವನ್ನು ಚೆನ್ನಾಗಿ ನೋಡಿ ಒಂದು ವಾದ ಕಟ್ಟಿದ. ನಾವು ನೋಡದೆಯೇ ಅದರ ಉತ್ತರ ಮಾತ್ರ ನಕಲು ಹೊಡೆಯುತ್ತೇವೆ, ತಕರಾರು ಅಲ್ಲಿ.

ಈಗ ಕೆಲಸಕ್ಕೆ ಬರೋಣ. ನಾನು ಎಲ್ಲರಿಗೂ ಹೇಳಿ ಹೇಳಿ ಬೇಜಾರು ಮಾಡಿರುವ ವಿಧಾನ ಒಂದೇ: ಮುಚ್ಚಿ ನೋಡುವುದು. ಚಿತ್ರದಲ್ಲಿ ಒಂದು ವಸ್ತು ಆರಿಸಿ, ಅದನ್ನು ಹೆಬ್ಬೆರಳಿನಿಂದ ಮರೆ ಮಾಡಿ, ಉಳಿದ ಚಿತ್ರಕ್ಕೆ ಏನಾಯಿತು ನೋಡಿ. ಕಂಪ್ಯೂಟರ್ ಪರದೆ ಆದರೆ ಕಾಗದದ ಚೂರು ಸಾಕು. ಮ್ಯೂಸಿಯಂನಲ್ಲಿ ದೂರ ನಿಂತು, ಒಂದು ಕಣ್ಣು ಮುಚ್ಚಿ, ಕೈ ಚಾಚಿ ಬೆರಳು ಹಿಡಿಯಿರಿ. ಚಿತ್ರದ ಹತ್ತಿರಕ್ಕೇ ಕೈ ಒಯ್ದರೆ ಕಾವಲಿನವರು ಬೈಯುತ್ತಾರೆ, ಬೈಯಲೇಬೇಕು.

ನಿಮ್ಮ ಚಿತ್ರದಲ್ಲೇ ಮಾಡಿ. ನಾಯಿಯನ್ನು ಮುಚ್ಚಿ. ಏನಾಯಿತು? ಮೇಲಿನ ತೂಗುದೀಪದಿಂದ ನೇರ ಕೆಳಗೆ ಬನ್ನಿ: ಗೋಡೆಯ ಮೇಲೆ ಸಹಿ, ಅದರ ಕೆಳಗೆ ಉಬ್ಬುಗನ್ನಡಿ, ಅದರ ಕೆಳಗೆ ಇಬ್ಬರ ಕೈ, ಕೊನೆಗೆ ನಾಯಿ. ಎಲ್ಲ ಒಂದೇ ಸಾಲಿನಲ್ಲಿ ಕೂತಿವೆ. ನಾಯಿ ಹೋದರೆ ಆ ಸಾಲಿಗೆ ಬುಡವೇ ಇಲ್ಲ, ಇಬ್ಬರ ನಡುವೆ ಬರೀ ನೆಲ ಉಳಿಯುತ್ತದೆ, ಅವರು ಒಬ್ಬರಿಗೊಬ್ಬರು ದೂರವಾದ ಹಾಗೆ ಕಾಣುತ್ತದೆ. ಇನ್ನೊಂದು ಸಂಗತಿ. ಗಂಡಸಿನ ದೃಷ್ಟಿ ಎಲ್ಲೋ ಪಕ್ಕಕ್ಕಿದೆ, ಹೆಂಗಸಿನದು ಅವನ ಕಡೆಗೆ. ನಮ್ಮ ಕಡೆ ನೋಡುತ್ತಿರುವುದು ನಾಯಿ ಒಂದೇ. ಅದನ್ನು ಮುಚ್ಚಿದ ತಕ್ಷಣ ಕೋಣೆ ನಮ್ಮ ಮುಖಕ್ಕೆ ಬಾಗಿಲು ಹಾಕಿಕೊಂಡ ಹಾಗಾಗುತ್ತದೆ. ಇದನ್ನೆಲ್ಲ ನೋಡಿದ ಮೇಲೆ "ನಿಷ್ಠೆ" ಅನ್ನಿ, ಅನ್ನದೇ ಇರಿ, ನಿಮ್ಮಿಷ್ಟ. ಆಗ ಆ ಮಾತಿಗೆ ಒಂದು ತೂಕ ಇರುತ್ತದೆ.

ಅವಗೆಂಪು (ಇನ್‌ಫ್ರಾರೆಡ್) ಕಿರಣದ ಪರೀಕ್ಷೆಯಲ್ಲಿ ಗೊತ್ತಾದದ್ದು ಏನು ಗೊತ್ತಾ? ಬಣ್ಣದ ಅಡಿಯಲ್ಲಿರುವ ಮೊದಲ ಗೆರೆಚಿತ್ರದಲ್ಲಿ ಆ ನಾಯಿ ಇಲ್ಲವೇ ಇಲ್ಲ! ವಾನ್ ಐಕ್ ಅದನ್ನು ಆಮೇಲೆ ಸೇರಿಸಿದ್ದು. ಅಂದರೆ ನೀವು ಬೆರಳಿಟ್ಟು ನೋಡುತ್ತಿರುವುದು ಹೆಚ್ಚುಕಡಿಮೆ ಅವನೇ ಒಮ್ಮೆ ನೋಡಿ ಸಾಲದು ಅಂದುಕೊಂಡ ಚಿತ್ರವನ್ನು. ಸಂಕೇತದ ಪಟ್ಟಿಯಿಂದ ಇಂಥ ಮಜಾ ಸಿಗುತ್ತದಾ ಹೇಳಿ.

ಬರೀ ಗೆರೆ, ಬಣ್ಣದ ಚೌಕಗಳ, ಅರ್ಥವೇ ಇಲ್ಲದ ಚಿತ್ರ ಅಂತ ನೀವು ಹೆದರುವ ಮಾಂಡ್ರಿಯಾನ್‌ಗೂ ಇದು ನಡೆಯುತ್ತದೆ. 1930ರ ಕೆಂಪು, ನೀಲಿ, ಹಳದಿಯ ಚಿತ್ರ ತೆಗೆಯಿರಿ. ಮೇಲೆ ಬಲಕ್ಕೆ ದೊಡ್ಡ ಕೆಂಪು, ಕೆಳಗೆ ಎಡಮೂಲೆಯಲ್ಲಿ ಚಿಕ್ಕ ನೀಲಿ. ಆ ನೀಲಿ ಮುಚ್ಚಿ, ಇಡೀ ಚಿತ್ರ ಬಲಕ್ಕೆ ವಾಲುತ್ತದೆ. ಅಷ್ಟು ಚಿಕ್ಕ ನೀಲಿ ಅಷ್ಟು ದೊಡ್ಡ ಕೆಂಪನ್ನು ಹಿಡಿದು ನಿಲ್ಲಿಸಿದೆ ಅಂತ ಆಗ ಕಾಣುತ್ತದೆ. ಆದರೆ ಅಮೆರಿಕದ ಜಾಕ್ಸನ್ ಪೊಲಾಕ್ ಬಣ್ಣ ಚೆಲ್ಲಿ ಮಾಡಿದ ಚಿತ್ರಗಳಲ್ಲಿ ಇದು ಉಪಯೋಗಕ್ಕೆ ಬರುವುದಿಲ್ಲ, ಎಲ್ಲಿ ಮುಚ್ಚಿದರೂ ಅಷ್ಟೇ. ಚೀನಾದ ಅಡ್ಡ ಸುರುಳಿಚಿತ್ರಗಳಲ್ಲೂ ಬೇಡ. ಅವನ್ನು ಬಲದಿಂದ ಎಡಕ್ಕೆ ಸ್ವಲ್ಪ ಸ್ವಲ್ಪವೇ ಬಿಚ್ಚುತ್ತಾ ನೋಡಬೇಕು, ಪೂರ್ತಿ ಹಾಸಿದ ಫೋಟೋ ನೋಡಿ ರಚನೆ ಹುಡುಕುವುದೇ ತಪ್ಪು. ನಮ್ಮ ಹಳೆಯ ಭಿತ್ತಿಚಿತ್ರ, ಚಿಕಣಿ ಚಿತ್ರಗಳಲ್ಲಿ (ಮಿನಿಯೇಚರ್) ಎಷ್ಟೋ ಕಡೆ ಒಬ್ಬನೇ ವ್ಯಕ್ತಿ ಒಂದೇ ಚಿತ್ರದಲ್ಲಿ ಎರಡು ಮೂರು ಸಲ ಬರುತ್ತಾನೆ, ಅಲ್ಲಿ ಮೊದಲು ಯಾರು ಯಾರು ಅಂತ ಗುರುತಿಸಿಕೊಳ್ಳಿ.

ಮುಚ್ಚುವುದಕ್ಕೂ ಮೊದಲು ಇನ್ನೊಂದು ಕೆಲಸ ಇದೆ, ಹೇಳಲು ಮರೆತೆ. ಹತ್ತು ನಿಮಿಷ ಸುಮ್ನೆ ನೋಡಿ, ಕಂಡದ್ದನ್ನು ಮಾತ್ರ ಬರೆಯಿರಿ. "ದುಃಖದಲ್ಲಿರುವ ಹುಡುಗಿ" ಅಂತ ಬರೆಯಬೇಡಿ, "ತಲೆ ಬಗ್ಗಿಸಿದ ಹುಡುಗಿ, ಬೆಳಕು ಎಡದಿಂದ" ಅಂತ ಬರೆಯಿರಿ. ಹತ್ತು ನಿಮಿಷ ಜಾಸ್ತಿ ಆಯ್ತು ಅನ್ನುವವರಿಗೆ: ಹಾರ್ವರ್ಡ್‌ನಲ್ಲಿ ಕಲಾ ಇತಿಹಾಸ ಕಲಿಸುವ ಜೆನಿಫರ್ ರಾಬರ್ಟ್ಸ್ ತಮ್ಮ ವಿದ್ಯಾರ್ಥಿಗಳನ್ನು ಒಂದೇ ಕೃತಿಯ ಮುಂದೆ ಮೂರು ಗಂಟೆ ಕೂರಿಸುತ್ತಿದ್ದರು. ಚಿತ್ರಕಾರ ಕಾಪ್ಲಿ 1765ರಲ್ಲಿ ಮಾಡಿದ, ಹಾರುವ ಅಳಿಲು ಸಾಕಿದ ಹುಡುಗನ ಚಿತ್ರದಲ್ಲಿ ಹುಡುಗನ ಕಿವಿಯ ಆಕಾರವೇ ಅಳಿಲಿನ ಹೊಟ್ಟೆಯ ತುಪ್ಪಳದಲ್ಲೂ ಇದೆ ಅಂತ ಕಾಣಲು ಅವರಿಗೇ ಒಂಬತ್ತು ನಿಮಿಷ ಬೇಕಾಯಿತಂತೆ. ಮ್ಯೂಸಿಯಂಗೆ ಬರುವವರು ಒಂದು ಚಿತ್ರವನ್ನು ಎಷ್ಟು ಹೊತ್ತು ನೋಡುತ್ತಾರೆ ಅಂತ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಲೆಕ್ಕ ಹಾಕಿದ್ದರು, 2001ರಲ್ಲಿ ಪ್ರಕಟವಾಯಿತು. ಸರಾಸರಿ 27 ಸೆಕೆಂಡ್! ಹಾಗಂತ ಮೊದಲ ದಿನವೇ ಮೂರು ಗಂಟೆ ಕೂರಲು ಹೋಗಬೇಡಿ, ಚಿತ್ರದ ಮೇಲೇ ಸಿಟ್ಟು ಬರುತ್ತದೆ.

"ಕಲೆಯಲ್ಲಿ ಸರಿ ತಪ್ಪು ಇಲ್ಲ, ನಿಮಗೆ ಅನಿಸಿದ್ದೇ ಅರ್ಥ" ಅಂತ ಒಬ್ಬರು ಕಾಮೆಂಟ್ ಹಾಕಿದ್ದಾರಲ್ಲ, ಅದನ್ನೂ ನಂಬಬೇಡಿ. ಅನಿಸಿದ್ದನ್ನೆಲ್ಲ ಅನಿಸಲಿ ಬಿಡಿ, ಆದರೆ ಪ್ರತಿ ಸಲ ಒಂದು ಪ್ರಶ್ನೆ ಕೇಳಿಕೊಳ್ಳಿ: ಏನನ್ನು ನೋಡಿ ಹಾಗಂದೆ? ಫಿಲಿಪ್ ಯೆನವೈನ್ ಮತ್ತು ಅಬಿಗೈಲ್ ಹೌಸನ್ ರೂಪಿಸಿದ ಪಾಠಕ್ರಮದಲ್ಲಿ ಇರುವುದೇ ಮೂರು ಪ್ರಶ್ನೆ, ಅದರಲ್ಲಿ ನಡುವಿನದು ಇದು. ಬೆರಳು ಮಾಡಿ ತೋರಿಸಲು ಆದರೆ ಇಟ್ಟುಕೊಳ್ಳಿ, ಆಗದಿದ್ದರೆ ಹೊಡೆದುಹಾಕಿ. ತೋರಿಸಲು ಆದರೂ ಪೂರ್ತಿ ಗ್ಯಾರಂಟಿ ಇಲ್ಲ ಅನ್ನಿ. ವರ್ಮೀರ್‌ನ ಕಿಟಕಿ ಬಳಿ ಪತ್ರ ಓದುವ ಹುಡುಗಿಯ ಹಿಂದಿನ ಖಾಲಿ ಗೋಡೆ ನೋಡಿ ಎಷ್ಟು ಜನ ಒಂಟಿತನ, ಮೌನ ಅಂತ ಬರೆದಿದ್ದರು. ಆ ಗೋಡೆಯಲ್ಲಿ ಮನ್ಮಥನ ಚಿತ್ರ ಇದೆ ಅಂತ 1979ರಲ್ಲೇ ಎಕ್ಸ್‌ರೇಯಲ್ಲಿ ಕಂಡಿತ್ತು, ವರ್ಮೀರನೇ ಅಳಿಸಿದ್ದಾನೆ ಅಂದುಕೊಂಡರು. ಅವನು ಸತ್ತ ಮೇಲೆ ಬೇರೆ ಯಾರೋ ಬಣ್ಣ ಬಳಿದದ್ದು ಅಂತ ಆಮೇಲೆ ಖಾತ್ರಿಯಾಗಿ, ಅದನ್ನು ತೆಗೆದು 2021ರಲ್ಲಿ ಜರ್ಮನಿಯ ಡ್ರೆಸ್ಡನ್‌ನಲ್ಲಿ ತೋರಿಸಿದರು. ಖಾಲಿ ಗೋಡೆ ಹೋಗಿ ಪ್ರೇಮಪತ್ರ ಬಂತು. ಬಣ್ಣದ ಕಥೆಯೂ ಇದೇ. ವಾನ್ ಗೋ 1888ರ ಮಲಗುವ ಕೋಣೆಯ ಗೋಡೆಯನ್ನು ತನ್ನ ಪತ್ರದಲ್ಲಿ ತಿಳಿ ನೇರಳೆ ಅಂದಿದ್ದಾನೆ, ಕೆಂಪು ಬಣ್ಣ ಮಾಸಿ ಈಗ ನೀಲಿ ಕಾಣುತ್ತದೆ. "ನೀಲಿ ಅಂದರೆ ಬೇಸರ" ಅಂತ ಪಟ್ಟಿಯಲ್ಲಿ ಬರೆದವರು ಇದನ್ನು ಗಮನಿಸಿ.

ಇನ್ನು ಫೋನಿನ ವಿಷಯ. ನೀವು ಪಿಂಟರೆಸ್ಟ್‌ನಿಂದ ಇಳಿಸಿದ ಚಿತ್ರದಲ್ಲಿ ಎಡಗಡೆ ಕಿಟಕಿಯೇ ಅರ್ಧ ಕತ್ತರಿಸಿದೆ, ಬಣ್ಣವೂ ಕಣ್ಣಿಗೆ ಹೊಡೆಯುತ್ತಿದೆ. ಅಲ್ಲಿಂದ ತೆಗೆಯುವುದನ್ನು ಬಿಟ್ಟುಬಿಡಿ. ಮ್ಯೂಸಿಯಂಗಳ ಸ್ವಂತ ವೆಬ್‌ಸೈಟ್ ಮೊದಲು, ಅದಾದ ಮೇಲೆ ವಿಕಿಮೀಡಿಯಾ ಕಾಮನ್ಸ್. ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್‌ನಲ್ಲಿ ಹತ್ತಿರದಿಂದ ನೋಡಲು ಚೆನ್ನಾಗಿದೆ, ಆದರೆ ಅದು ತಾನೇ ಚಿತ್ರ ಸರಿಸುತ್ತಾ ಕಥೆ ಹೇಳುವ ವಿಭಾಗ ನನಗೆ ಇಷ್ಟವಿಲ್ಲ, ಕಣ್ಣಿನ ಕೆಲಸ ಅದೇ ಮಾಡಿಬಿಡುತ್ತದೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನವರು ರೆಂಬ್ರಾಂಟ್‌ನ ನೈಟ್ ವಾಚ್ ಅನ್ನು 717 ಗಿಗಾಪಿಕ್ಸೆಲ್‌ನಲ್ಲಿ ಹಾಕಿದ್ದಾರೆ, ಕುಂಚದ ಗುರುತು ಗುರುತೂ ಕಾಣುತ್ತದೆ. (ಅದನ್ನೂ 1715ರಲ್ಲಿ ನಾಲ್ಕೂ ಬದಿ ಕತ್ತರಿಸಿದ್ದಾರೆ, ಹಾಗಾಗಿ ಅದರ ರಚನೆ ಬಗ್ಗೆ ದೊಡ್ಡ ಮಾತು ಆಡುವ ಮೊದಲು ಕತ್ತರಿಸುವ ಮುಂಚೆ ಮಾಡಿದ ಹಳೆಯ ನಕಲು ಪ್ರತಿ ನೋಡಿ.) ಫೋನಿನ ರಾತ್ರಿ ಮೋಡ್ ಆಫ್ ಮಾಡಿ, ಇಲ್ಲದಿದ್ದರೆ ಎಲ್ಲ ಹಳದಿ. ಚಾಟ್ ಆ್ಯಪ್‌ಗೆ ಫೋಟೋ ಕೊಟ್ಟು "ಇದರ ಅರ್ಥ ಏನು" ಅಂತ ಕೇಳುವುದೂ ಬೇಡ, ನಿಮ್ಮ ಪಟ್ಟಿಯನ್ನೇ ಇನ್ನಷ್ಟು ನಯವಾಗಿ ವಾಪಸ್ ಕೊಡುತ್ತದೆ.

ಅಳತೆ ಕಡ್ಡಾಯವಾಗಿ ನೋಡಿ. ಆರ್ನೊಲ್ಫಿನಿ ಸುಮಾರು 82 ಸೆಂಟಿಮೀಟರ್ ಎತ್ತರ, 60 ಅಗಲ. ಪಿಕಾಸೋನ ಗೆರ್ನಿಕಾ ಸುಮಾರು ಮೂರೂವರೆ ಮೀಟರ್ ಎತ್ತರ, ಏಳೂಮುಕ್ಕಾಲು ಮೀಟರ್ ಅಗಲ. ಫೋನಿನಲ್ಲಿ ಎರಡೂ ಅಂಗೈಯಷ್ಟು. ಗೋಡೆಯ ಮೇಲೆ ಟೇಪ್ ಹಿಡಿದು ಚೌಕಟ್ಟು ಗುರುತು ಮಾಡಿಕೊಂಡು ನೋಡಿ, ಎಷ್ಟು ದೂರ ನಿಲ್ಲಬೇಕು ಅಂತ ಆಗ ಗೊತ್ತಾಗುತ್ತದೆ. ನಿಲ್ಲುವ ಜಾಗ ಬದಲಿಸುವುದನ್ನೂ ಕಲಿಯಿರಿ. ಹೋಲ್‌ಬೈನ್‌ನ 1533ರ ರಾಯಭಾರಿಗಳ ಚಿತ್ರದಲ್ಲಿ ಕೆಳಗಿರುವ ಓರೆಯಾದ ಮಚ್ಚೆಯಂಥ ಆಕಾರ ಬದಿಯಿಂದ ನೋಡಿದರೆ ಮಾತ್ರ ತಲೆಬುರುಡೆ ಆಗುತ್ತದೆ.

ಮೊದಲು ಕಲಾವಿದನ ಜೀವನ ಓದಿ ಅಂದವರಿಗೆ: ಓದಲಿ, ಆದರೆ ನೋಡಿ ಬರೆದ ಮೇಲೆ. ಮೊದಲೇ ಓದಿದರೆ ವಾನ್ ಗೋನ ಪ್ರತಿ ಗೆರೆಯಲ್ಲೂ ಅವನ ಕಾಯಿಲೆಯೇ ಕಾಣುತ್ತದೆ.

ಮೇಡಂ, ಈಗ ನೀವು ಮಾಡಬೇಕಾದದ್ದು ಇಷ್ಟು. ಹಳೇ ಪಟ್ಟಿ ಹರಿಯಬೇಡಿ, ಎತ್ತಿಡಿ. ಈ ಚಿತ್ರ ಇರುವ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಸೈಟಿನಿಂದ ಪೂರ್ತಿ ಚಿತ್ರ ತೆಗೆದುಕೊಂಡು, ನಾಯಿ ಆಯಿತು, ಇನ್ನು ಕನ್ನಡಿ ಮುಚ್ಚಿ ನೋಡಿ. ಅದರೊಳಗೆ ಬಾಗಿಲ ಬಳಿ ಇನ್ನಿಬ್ಬರು ನಿಂತಿದ್ದಾರೆ, ಅವರು ಹೋದರೆ ಏನಾಗುತ್ತದೆ ಅಂತ ಬರೆದು ಇಲ್ಲೇ ಹಾಕಿ. ಕಂಡದ್ದು ಮಾತ್ರ, ಅರ್ಥ ಈಗಲೇ ಬೇಡ.